ಪುಣೆಯಲ್ಲಿ ಹಳೇ ಕಾರು ಕೊಂಡು ವೇಗ ಹೆಚ್ಚಿಸಿಕೊಳ್ಳಬೇಕೆಂದರೆ ಸಿಟಿ ವಿಟೆಕ್ಕೋ, ಆಕ್ಟೇವಿಯಾ ಆರ್‌ಎಸ್ಸೋ?

ಹೋಂಡಾ ಸಿಟಿ 1.5 ವಿಟೆಕ್‌ನ 106 ಅಶ್ವಶಕ್ತಿ ಹಗುರ ಮೈಯಲ್ಲಿ ಕುಣಿಯುತ್ತದೆ. ಆದರೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ. ಫಿಲ್ಟರು, ಸೈಲೆನ್ಸರಿಗೆ ಸುರಿದ ದುಡ್ಡಿಗೆ ಸದ್ದು ಜಾಸ್ತಿ, ವೇಗ ಅಷ್ಟಕ್ಕಷ್ಟೇ.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊಗೆ 150 ಅಶ್ವಶಕ್ತಿ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ರಿಮ್ಯಾಪ್ ಮಾಡಿಸಿದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರುತ್ತದೆ, ಸಾತಾರಾ ದಾರಿಯ ಖಂಬಾಟ್ಕಿ ಘಾಟಿನಲ್ಲಿ ಫರಕು ಗೊತ್ತಾಗುತ್ತದೆ. ಹಾಗಂತ ಮೊದಲ ಖರ್ಚು ಅದಕ್ಕಲ್ಲ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್‌ಗೆ ಹೊಂದಿಸಿ ಓಡಿಸುವ ಪಟ್ಟಿ), ವಾಟರ್ ಪಂಪ್, ಒಣಗಿ ಬಿರಿದ ವ್ಯಾಕ್ಯೂಮ್ ಪೈಪು ಮೊದಲು. ಬೆಲ್ಟ್ ಹರಿದರೆ ವಾಲ್ವ್ ಬಾಗಿ ಎಂಜಿನ್ನೇ ಬಿಚ್ಚಬೇಕು.

ಎರಡಕ್ಕೂ 15 ವರ್ಷ ದಾಟಿದೆ. 5 ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಬೇಕು. ಅನುಮತಿಯಿಲ್ಲದೆ ಎಂಜಿನ್ ಬದಲಿಸಿದ ಗಾಡಿ ಅಗ್ಗಕ್ಕೆ ಸಿಕ್ಕರೂ ಬೇಡ.

ದಿನಾ ಐಟಿ ಕಂಪನಿಗಳಿರುವ ಹಿಂಜವಡಿಗೆ ಹೋಗಿಬರುವವರಿಗೆ ಸಿಟಿ ಸಾಕು. ಮನೆಯಲ್ಲಿ ಇನ್ನೊಂದು ಗಾಡಿಯಿದ್ದು, ಇದನ್ನು ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಓಡಿಸಲೆಂದೇ ಕೊಳ್ಳುವುದಾದರೆ, ಕಣ್ಣುಮುಚ್ಚಿ ಆರ್‌ಎಸ್.