ಬಚ್ಚಲಿನ ಉದ್ದ ಜಾಲರಿ: ನಾಲ್ಕೂವರೆ ವರ್ಷ ಬಳಸಿದ ಮೇಲೆ

ನಮ್ಮದು ತುಮಕೂರಿನಲ್ಲಿ 1994ರಲ್ಲಿ ಕಟ್ಟಿಸಿದ ಮನೆ. ಬಚ್ಚಲುಮನೆಗೆ ಕಾಂಕ್ರೀಟ್ ಹಾಸಿ ಮೇಲೆ ರೆಡ್ ಆಕ್ಸೈಡ್ ತಿಕ್ಕಿದ್ದರು. ಮೂಲೆಯಲ್ಲೊಂದು ತೂತು, ಅದಕ್ಕೊಂದು ದುಂಡು ಜಾಲರಿ, ಕೆಳಗೆ ನೇರವಾಗಿ ಪೈಪು. ನಡುವೆ ನೀರು ನಿಲ್ಲಿಸಿಕೊಂಡು ಪೈಪಿನ ವಾಸನೆ ತಡೆಯುವ ಟ್ರ್ಯಾಪ್ ಎಂಬುದೇ ಇರಲಿಲ್ಲ. ರಾತ್ರಿ ದೀಪ ಹಾಕಿದರೆ ಜಿರಳೆಗಳು, ಮಳೆಗಾಲದಲ್ಲಿ ಅಡುಗೆಮನೆಯವರೆಗೆ ವಾಸನೆ. ನೀರು ನಿಂತಲ್ಲಿ ಪಾಚಿ ಕಟ್ಟಿ ಅಮ್ಮ ಎರಡು ಸಲ ಜಾರಿದರು. 2021ರ ಜನವರಿಯಲ್ಲಿ ನೆಲ ಒಡೆಸಿ, ಗೋಡೆಯ ಬುಡಕ್ಕೆ ಮೂರು ಅಡಿ ಉದ್ದದ ಸ್ಟೀಲ್ ಚಾನೆಲ್ ಜಾಲರಿ ಹಾಕಿಸಿದೆವು.

ಉದ್ದದ್ದೇ ಏಕೆಂದರೆ, ನಡುವೆ ಚೌಕ ಜಾಲರಿ ಇಟ್ಟರೆ ನಾಲ್ಕೂ ಕಡೆಯಿಂದ ವಾಟ ಕೊಡಬೇಕು, ಟೈಲ್ಸನ್ನು ಓರೆಯಾಗಿ ಕತ್ತರಿಸಬೇಕು. ಗೋಡೆಯ ಬುಡದಲ್ಲಿದ್ದರೆ ಒಂದೇ ಕಡೆಗೆ ಇಳಿಸಿದರಾಯಿತು. ನಾವು ನಾಲ್ಕು ಅಡಿಗೆ ಒಂದು ಇಂಚು ಇಳಿಸಿದೆವು. ಇದರ ಬೆಲೆ ಗೊತ್ತಾದದ್ದು ಅಮ್ಮನ ಸ್ಟೂಲಿನಿಂದ. ಈಗ ಅದರ ನಾಲ್ಕೂ ಕಾಲು ನೆಲಕ್ಕೆ ಸರಿಯಾಗಿ ಕೂರುತ್ತವೆ, ಕುಳಿತು ಸ್ನಾನ ಮಾಡುವಾಗ ಅಲುಗುವುದಿಲ್ಲ.

ವಾಸನೆ ತಡೆಯುವುದು ಮೇಲೆ ಹೊಳೆಯುವ ಸ್ಟೀಲಲ್ಲ, ಕೆಳಗೆ ಕಾಂಕ್ರೀಟಿನಲ್ಲಿ ಕೂತಿರುವ ಟ್ರ್ಯಾಪು, ಅದರೊಳಗೆ ಸದಾ ನಿಲ್ಲುವ ಎರಡು ಇಂಚು ನೀರು. ಆದ್ದರಿಂದ ಕೂರಿಸುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿ. ಹಳೆಯ ಕಾಂಕ್ರೀಟನ್ನು ಕಟ್ಟರ್‌ನಿಂದ ಗೆರೆ ಹಾಕಿ ಒಡೆದರೆ ಅಂಚು ನೇರವಾಗಿ ಬರುತ್ತದೆ. ಧೂಳು ತೊಳೆದು, ಅಂಚಿಗೆ ನೀರು ಕುಡಿಸಿ, ಸಿಮೆಂಟ್ ಹಾಲು ಬಳಿದ ಮೇಲೆಯೇ ಹೊಸ ಕಾಂಕ್ರೀಟ್ ಹಾಕಬೇಕು. ಇಲ್ಲದಿದ್ದರೆ ಹಳತು ಹೊಸತು ಕೂಡುವಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ನೀರಿಗೆ ಅಷ್ಟೇ ಸಾಕು. ನಾವು ಆ ಕೂಡುಗೆರೆಯ ಮೇಲೆ ಬಲೆಬಟ್ಟೆ ಹಾಸಿ ವಾಟರ್‌ಪ್ರೂಫಿಂಗ್ ಎರಡು ಕೋಟು ಕೊಡಿಸಿದೆವು. ಅದು ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಬಿಗಿದು, ಒಂದು ದಿನವಿಡೀ ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮರುದಿನವೂ ನೀರು ಗುರುತಿನಲ್ಲೇ ಇತ್ತು. ಕೆಲಸ ಮುಗಿಯುವವರೆಗೂ ಆ ಬಾಯಿ ಮುಚ್ಚಿಯೇ ಇರಲಿ. ಗಾರೆ ಬಕೆಟ್ ತೊಳೆದ ನೀರು ಒಳಗೆ ಹೋದರೆ ಸಿಮೆಂಟು ಅಲ್ಲೇ ಕಲ್ಲಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ಕಡೆ ಎಡವಿದೆವು. ಮೇಸ್ತ್ರಿ ಚಾನೆಲ್‌ನ ಅಂಚನ್ನು ಟೈಲ್ಸ್‌ಗಿಂತ ಒಂದು ನೂಲಿನಷ್ಟು ಎತ್ತರಕ್ಕೆ ಬಿಟ್ಟಿದ್ದರು. ರಸಮಟ್ಟ ಇಟ್ಟಾಗ ವಾಟ ಸರಿಯಾಗಿಯೇ ಕಂಡಿತು. ಸ್ನಾನ ಶುರುವಾದ ಮೇಲೆ ನೋಡಿದರೆ ಅಂಚಿನ ಹೊರಗೆ ಬೆರಳಗಲದ ನೀರಿನ ಪಟ್ಟಿ. ಒಂದು ಸಾಲು ಟೈಲ್ಸ್ ಕಿತ್ತು ಮತ್ತೆ ಕೂರಿಸಬೇಕಾಯಿತು. ಗಾರೆ ಹಸಿಯಿರುವಾಗಲೇ ಜಾಲರಿಯ ಅಂಚು ಟೈಲ್ಸ್‌ಗಿಂತ ಒಂದೆರಡು ಮಿಲಿಮೀಟರ್ ಕೆಳಗಿದೆಯೇ ಎಂದು ಬೆರಳಾಡಿಸಿ ನೋಡಿ.

ಚಾನೆಲ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ. ಅಗ್ಗದ 202 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಒಂದೆರಡು ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ದ್ರಾವಣ ಕೆಲವು ಅಂಗಡಿಗಳಲ್ಲಿ ಇರುತ್ತದೆ, ಕೇಳಿ ಮಾಡಿಸಿ. 304 ಎಂದ ಮಾತ್ರಕ್ಕೆ ಆ್ಯಸಿಡ್ ಸುರಿಯಬಹುದು ಎಂದಲ್ಲ. ಎರಡನೆಯ ವರ್ಷ ನಾನಿಲ್ಲದಾಗ ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದ್ದರು. ವಾರದೊಳಗೆ ಬೆಸುಗೆಯ ಪಕ್ಕದಲ್ಲಿ ಕಂದು ಚುಕ್ಕೆಗಳು ಎದ್ದವು, ಇಂದಿಗೂ ಇವೆ. ನಮ್ಮದು ಬೋರ್‌ವೆಲ್‌ನ ಗಡಸು ನೀರು, ಬಿಳಿ ಪದರ ಕಟ್ಟಿಯೇ ಕಟ್ಟುತ್ತದೆ. ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್ ಹರಳು) ಬಿಸಿನೀರಿನಲ್ಲಿ ಕರಗಿಸಿ ಹಾಕಿ, ಕಾಲು ಗಂಟೆ ಬಿಟ್ಟು ನಾರಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ.

ಜಿರಳೆ ತಡೆಯಲೆಂದು ಜೊತೆಗೆ ಕೊಟ್ಟಿದ್ದ ಸ್ಪ್ರಿಂಗ್ ಮುಚ್ಚಳ ನನಗೆ ಹಿಡಿಸಲಿಲ್ಲ. ಒಂದೂವರೆ ವರ್ಷಕ್ಕೆ ಕೂದಲು, ಸೋಪಿನ ಜಿಡ್ಡು ಸುತ್ತಿಕೊಂಡು ಅರ್ಧ ತೆರೆದೇ ನಿಂತಿತು, ನೀರು ಹೋಗುವುದೂ ನಿಧಾನವಾಯಿತು. ತೆಗೆದುಹಾಕಿದೆ. ಅಂದಿನಿಂದ ಜಿರಳೆಯೂ ಇಲ್ಲ, ವಾಸನೆಯೂ ಇಲ್ಲ. ಟ್ರ್ಯಾಪಿನ ನೀರೇ ಎರಡನ್ನೂ ತಡೆಯುತ್ತಿದೆ. 2023ರ ಬೇಸಿಗೆಯಲ್ಲಿ ತಿಂಗಳು ಊರಿಗೆ ಹೋಗಿ ಬಂದಾಗ ಮಾತ್ರ ಮನೆಯೆಲ್ಲ ನಾರುತ್ತಿತ್ತು, ಆ ನೀರು ಆರಿಹೋಗಿತ್ತು. ಎರಡು ಚೊಂಬು ನೀರು ಸುರಿದ ಮೇಲೆ ಸರಿಹೋಯಿತು. ಈಗ ಊರಿಗೆ ಹೊರಡುವ ದಿನ ಎರಡು ಚಮಚ ಅಡುಗೆ ಎಣ್ಣೆ ಹಾಕಿಬಿಡುತ್ತೇನೆ, ಮೇಲೆ ತೇಲಿ ನೀರು ಬೇಗ ಆರದಂತೆ ಕಾಯುತ್ತದೆ.

ಉಳಿದಿರುವ ಕೊರತೆ ನನ್ನ ಅಳತೆಯದು. ಗೋಡೆ ಮೂರೂವರೆ ಅಡಿ, ಚಾನೆಲ್ ಮೂರು ಅಡಿ. ಎರಡೂ ತುದಿಯ ಮೂರು ಮೂರು ಇಂಚಿನಲ್ಲಿ ನೀರು ಸಣ್ಣಗೆ ನಿಂತು ಟೈಲ್ಸ್ ಸಂದು ಕಪ್ಪಾಗುತ್ತದೆ. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಅದನ್ನು ಉಜ್ಜುತ್ತೇನೆ. ಈ ವರ್ಷ ಮಹಡಿಯ ಬಚ್ಚಲಿಗೂ ಇದೇ ಬಗೆಯದನ್ನು ಹಾಕಿಸುತ್ತಿದ್ದೇವೆ. ಈ ಬಾರಿ ಗೋಡೆಯ ಟೈಲ್ಸ್ ಕೂತ ಮೇಲೆ ಅಳತೆ ತೆಗೆದು, ಗೋಡೆಯಿಂದ ಗೋಡೆಗೆ ಬರುವಂತೆ ಹೇಳಿ ಮಾಡಿಸಿದ್ದೇನೆ. ಸ್ಪ್ರಿಂಗ್ ಮುಚ್ಚಳ ಬೇಡವೆಂದಿದ್ದೇನೆ. ಟ್ರ್ಯಾಪಿನ ಬಾಯಿ ನನ್ನ ಕೈ ಮಣಿಕಟ್ಟಿನವರೆಗೆ ಇಳಿಯುವಷ್ಟು ಅಗಲವಿರಲಿ ಎಂದು ಅಂಗಡಿಯಲ್ಲೇ ಕೈ ಹಾಕಿ ನೋಡಿ ತಂದೆ.