ಅರ್ಧ ತುಂಬಿದ ರಸಮೇವಿನ ಗುಂಡಿಗೆ ಮರುದಿನ ಇಳಿಯಬೇಡಿ

ಮುಸುಕಿನ ಜೋಳವನ್ನು ಹಸಿಯಾಗಿ ಕತ್ತರಿಸಿ ಗುಂಡಿಗೆ ತುಂಬಿ ರಸಮೇವು ಮಾಡುವ ಪದ್ಧತಿ ಈಗ ಅರಸೀಕೆರೆ, ಬೇಲೂರು, ಕಡೂರು ಕಡೆಯ ಹಳ್ಳಿಗಳಲ್ಲಿ ನಾಲ್ಕೈದು ಸೀಮೆಹಸು ಕಟ್ಟಿಕೊಂಡವರ ಮನೆಗೂ ಬಂದಿದೆ. ಅದನ್ನು ಹೇಳಿಕೊಡುವವರಿಗೂ ಕೊರತೆಯಿಲ್ಲ. ಕಾಳು ಹಾಲುಗಟ್ಟಿ ಹಿಟ್ಟಾಗುವ ಹದದಲ್ಲಿ ಕೊಯ್ಯಬೇಕು, ಒಂದಂಗುಲ ಮೀರದಂತೆ ಕತ್ತರಿಸಬೇಕು, ಪದರ ಪದರವಾಗಿ ತುಳಿದು ಗಾಳಿ ಹೊರಡಿಸಬೇಕು, ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಮಣ್ಣು ಹೇರಬೇಕು ಎಂದು ಎಲ್ಲರೂ ಹೇಳುತ್ತಾರೆ, ಅದೆಲ್ಲ ಸರಿಯೇ. ಆದರೆ ತುಂಬಿದ ಕೆಲವೇ ಗಂಟೆಗಳಲ್ಲಿ ಆ ಗುಂಡಿಯೊಳಗೆ ಮನುಷ್ಯನ ಶ್ವಾಸಕೋಶವನ್ನು ಸುಡುವ ಅನಿಲ ಹುಟ್ಟಬಹುದು ಎಂಬ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಕಳೆದ ಮುಂಗಾರಿನಲ್ಲಿ ನಮ್ಮ ಚಿಕ್ಕಪ್ಪ ಮತ್ತು ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬ ಹುಡುಗ ಈ ಅನಿಲಕ್ಕೆ ಸಿಕ್ಕಿ ಬದುಕಿ ಬಂದರು. ಇನ್ನೊಂದು ಹಂಗಾಮು ಶುರುವಾಗುವ ಮೊದಲು ಅದನ್ನು ವಿವರವಾಗಿ ತಿಳಿಸುವುದು ಅಗತ್ಯವೆನಿಸಿ ಬರೆಯುತ್ತಿದ್ದೇನೆ.

ನಮ್ಮದು ಬಾಣಾವರದ ಕಡೆಯ ಊರು. ಗುಂಡಿ ಕಟ್ಟಿಕೊಟ್ಟ ಗುತ್ತಿಗೆದಾರ, ಗುಂಡಿ ಆಳವಾಗಿ ಕಿರಿದಾಗಿದ್ದಷ್ಟೂ ಮೇವು ಚೆನ್ನಾಗಿ ಒತ್ತಿಕೊಳ್ಳುತ್ತದೆ, ಮಳೆನೀರು ಬೀಳದಂತೆ ಮೇಲೆ ಮಾಡು ಇರಲೇಬೇಕು ಎಂದು ಸಲಹೆ ಕೊಟ್ಟು, ಕೊಟ್ಟಿಗೆಗೆ ಹೊಂದಿಕೊಂಡ ಇಳಿಮಾಡಿನ ಕೆಳಗೆ ಎಂಟಡಿ ಅಗಲ, ಹತ್ತಡಿ ಆಳದ ದುಂಡನೆಯ ಗುಂಡಿಯನ್ನು ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಮಾಡಿಸಿದ್ದ. ಸುಮಾರು ಎಂಟು ಟನ್ ಹಸಿಮೇವು ಹಿಡಿಯುವ ಅಳತೆ ಅದು. ಮೂರು ಕಡೆ ಗೋಡೆ, ಮೇಲೆ ತಗಡು, ಒಂದೇ ಕಡೆ ಬಾಗಿಲು. ಮೇವು ಕೆಡದಂತೆ ನೋಡಿಕೊಳ್ಳುವುದಕ್ಕೆ ಅವನು ಹೇಳಿದ ಪ್ರತಿಯೊಂದು ಮಾತೂ ಹೊಂದುತ್ತಿತ್ತು. ಆದರೆ ಗುಂಡಿಯೊಳಗೆ ಇಳಿಯುವ ಮನುಷ್ಯನ ವಿಚಾರ ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಗಾಳಿಗಿಂತ ಭಾರವಾದ ಯಾವುದೇ ಅನಿಲ ಅಂಥ ಜಾಗದಲ್ಲಿ ಹುಟ್ಟಿದರೆ, ಕೊಡದಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ.

ಆ ವರ್ಷದ ಮಳೆಯೂ ಇದಕ್ಕೆ ಕಾರಣವಾಯಿತು. ಬಿತ್ತನೆಯಾದ ಮೇಲೆ ಮಳೆ ಕೈಕೊಟ್ಟು ಜೋಳದ ಗರಿಗಳು ಸುರುಳಿ ಸುತ್ತಿಕೊಂಡು ನಿಂತಿದ್ದವು. ಆಮೇಲೆ ಒಮ್ಮೆಲೇ ಹದವಾದ ಮಳೆ ಬಂತು, ಊರಿನವರೆಲ್ಲ ಮಾಡಿದಂತೆ ನಮ್ಮ ಹೊಲಕ್ಕೂ ಯೂರಿಯಾ ಬಿತ್ತು, ಪೈರು ಕಡುಹಸಿರಾಗಿ ಎದ್ದಿತು. ಬರಕ್ಕೆ ಸಿಕ್ಕಿ ಬೆಳವಣಿಗೆ ನಿಂತ ಪೈರು ಮಳೆಯಾದ ಕೂಡಲೇ ಮಣ್ಣಿನಿಂದ ನೈಟ್ರೇಟನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ. ಅದನ್ನು ಸಸಾರಜನಕವಾಗಿ ಬದಲಿಸುವಷ್ಟು ಬೆಳವಣಿಗೆ ಇನ್ನೂ ಆಗಿರುವುದಿಲ್ಲವಾದ್ದರಿಂದ ನೈಟ್ರೇಟು ದಂಟಿನಲ್ಲಿ, ಅದರಲ್ಲೂ ಬುಡದ ಕಡೆಯ ದಂಟಿನಲ್ಲಿ, ಹಾಗೆಯೇ ಉಳಿಯುತ್ತದೆ. ಇಂಥ ಜೋಳವನ್ನು ಮಳೆಯಾದ ಕೆಲವೇ ದಿನಗಳಲ್ಲಿ ಬುಡಮಟ್ಟ ಕೊಯ್ದು ಗುಂಡಿಗೆ ಹಾಕಿದರೆ, ಮೇವು ಹುದುಗಲು ತೊಡಗಿದ ಕೂಡಲೇ ಆ ನೈಟ್ರೇಟು ಒಡೆದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ. ಗಾಳಿ ಸೋಕಿದೊಡನೆ ಅದು ಕೆಂಗಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗಿ ಮಾರ್ಪಡುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಿರುವುದರಿಂದ ಮೇವಿನ ಮೇಲ್ಮೈಗೆ ಅಂಟಿಕೊಂಡಂತೆ ಹರಡಿ ತಗ್ಗಿನಲ್ಲಿ ಉಳಿಯುತ್ತದೆ.

ಒಂದೇ ದಿನದಲ್ಲಿ ಗುಂಡಿ ತುಂಬಿ ಮುಚ್ಚಿದ್ದರೆ ಬಹುಶಃ ಯಾರೂ ಒಳಗೆ ಇಳಿಯುವ ಸಂದರ್ಭವೇ ಬರುತ್ತಿರಲಿಲ್ಲ. ನಮ್ಮ ಕಡೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಬಾಡಿಗೆಗೆ ತಂದ ಮೇವು ಕತ್ತರಿಸುವ ಯಂತ್ರ ಅದನ್ನೇ ನಂಬಿಕೊಂಡಿತ್ತು. ಗುಂಡಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬುವ ವೇಳೆಗೆ ಕರೆಂಟು ಹೋಗಿ ರಾತ್ರಿಯಿಡೀ ಬರಲಿಲ್ಲ. ಕತ್ತರಿಸಿದ ಮೇವಿನ ಮೇಲೆ ಒಂದು ಟಾರ್ಪಾಲು ಎಳೆದು, ಉಳಿದ ಜೋಳವನ್ನು ಅಂಗಳದಲ್ಲೇ ಹರಡಿ ಎಲ್ಲರೂ ಮಲಗಿದರು.

ಬೆಳಿಗ್ಗೆ ಟಾರ್ಪಾಲು ತೆಗೆದಾಗ ಗುಂಡಿಯ ಗೋಡೆಯಲ್ಲಿ, ಮೇವಿನ ಮಟ್ಟಕ್ಕೆ ಒಂದು ಗೇಣು ಮೇಲೆ, ಹೊಸ ಗಾರೆಯ ಮೇಲೆ ಹಳದಿ ಕರೆ ಸುತ್ತಲೂ ಮೂಡಿತ್ತು. ಮೇವಿನ ಮೇಲೆ ನೊಣಗಳು ಸತ್ತು ಬಿದ್ದಿದ್ದವು. ಬ್ಲೀಚಿಂಗ್ ಪೌಡರಿನಂಥ ಘಾಟು ಇತ್ತು. ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಂದ ಹಿಂದೆ ಸರಿಯಬೇಕು ಎಂಬುದು ಈಗ ಗೊತ್ತು, ಆಗ ಅದು ಹುದುಗಿದ ಮೇವಿನ ವಾಸನೆ ಎಂದೇ ಎಲ್ಲರೂ ಭಾವಿಸಿದರು. ಹುಡುಗ ಇಳಿದು, ರಾತ್ರಿ ಕುಸಿದಿದ್ದ ಮೇವನ್ನು ಬಾಗಿ ಕೈಯಿಂದ ಸಮ ಮಾಡತೊಡಗಿದ. ಅವನ ಮೊಣಕಾಲಿನ ಸುತ್ತ ತೆಳ್ಳಗೆ ಕಂದು ಹೊಗೆಯಂಥದು ಆಡುತ್ತಿದ್ದುದನ್ನು ಮೇಲಿನಿಂದ ನೋಡಿದವರು ಧೂಳು ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಅವನಿಗೆ ಕೆಮ್ಮು ಹಿಡಿದು, ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟವನು ಹಾಗೆಯೇ ಕುಸಿದು ಕೂತ. ಚಿಕ್ಕಪ್ಪ ಧುಮುಕಿ ಅವನನ್ನು ಕಂಕುಳಿಗೆ ಕೈಹಾಕಿ ಎತ್ತಿಕೊಟ್ಟರು. ಗುಂಡಿಯಲ್ಲಿ ಉಳಿದಿದ್ದ ಆಳ ಎದೆಮಟ್ಟದಷ್ಟೇ ಆಗಿದ್ದುದರಿಂದ ಮೇಲಿದ್ದವರಿಗೆ ಕೈ ನಿಲುಕಿತು. ಗುಂಡಿ ಇನ್ನೂ ಖಾಲಿಯಿದ್ದು ಇಳಿದವನ ಮೂಗು ನೆಲಮಟ್ಟದಿಂದ ಬಹಳ ಕೆಳಗಿದ್ದಿದ್ದರೆ ಒಬ್ಬರ ಹಿಂದೆ ಒಬ್ಬರು ಇಳಿದು ಅಲ್ಲೇ ಉಳಿಯುತ್ತಿದ್ದರು. ಗೊಬ್ಬರದ ಗುಂಡಿ, ಹಳೆಯ ಬಾವಿಗಳಲ್ಲಿ ಎರಡು ಮೂರು ಜನ ಒಟ್ಟಿಗೆ ಸಾಯುವುದು ಹೀಗೆಯೇ, ಎತ್ತಲು ಹೋದವರೂ ಬೀಳುತ್ತಾರೆ.

ಇದರ ಅತ್ಯಂತ ಮೋಸದ ಭಾಗ ಆಮೇಲೆ ಶುರುವಾಯಿತು. ಬಯಲಿಗೆ ತಂದ ಮೇಲೆ ಹುಡುಗ ಸುಧಾರಿಸಿಕೊಂಡ. ಚಿಕ್ಕಪ್ಪ, "ಏನಿಲ್ಲ ಬಿಡಪ್ಪ, ಗಂಟಲು ಕೆರೀತದೆ ಅಷ್ಟೇ" ಎಂದು ಸಂಜೆ ಹಾಲು ಕರೆದು ಡೇರಿಗೂ ಹಾಕಿ ಬಂದರು. ನಡುರಾತ್ರಿಯಲ್ಲಿ ಮಲಗಲಾರದೆ ಎದ್ದು ಕೂತರು, ಉಸಿರಿಗೆ ಗೊರಗೊರ ಸದ್ದು, ತುಟಿ ನೀಲಿಗಟ್ಟಿತ್ತು. ಈ ಅನಿಲ ನೀರಿನಲ್ಲಿ ನಿಧಾನವಾಗಿ ಕರಗುವುದರಿಂದ ಮೂಗು ಗಂಟಲುಗಳನ್ನು ಅಷ್ಟಾಗಿ ಕಾಡದೆ ಶ್ವಾಸಕೋಶದ ತಳದವರೆಗೂ ಹೋಗಿ, ಅಲ್ಲಿನ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಅಲ್ಲಿ ಊತ ಬಂದು ನೀರು ತುಂಬಿಕೊಳ್ಳುವುದಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನವೇ ಹಿಡಿಯಬಹುದು. ಹಾಸನದ ಆಸ್ಪತ್ರೆಯಲ್ಲಿ ಮೊದಲು ಇದನ್ನು ನ್ಯುಮೋನಿಯಾ ಎಂದೇ ನೋಡಿದರು. ಅವರನ್ನು ದೂರುವಂತಿಲ್ಲ, ಗುಂಡಿಯ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮರುದಿನ ಒಬ್ಬ ವೈದ್ಯೆ ಕೂಲಂಕಷವಾಗಿ ವಿಚಾರಿಸಿದ ಮೇಲೆ ಚಿಕಿತ್ಸೆಯ ದಾರಿ ಬದಲಾಯಿತು. ಅಮೆರಿಕದ ವೈದ್ಯರು ಈ ಕಾಯಿಲೆಯನ್ನು 1956ರಲ್ಲೇ ವಿವರಿಸಿ ಸೈಲೋ ಫಿಲ್ಲರ್ಸ್ ಡಿಸೀಸ್ ಎಂದು ಹೆಸರಿಟ್ಟಿದ್ದರಂತೆ. ಆದ್ದರಿಂದ ಆಸ್ಪತ್ರೆಗೆ ಹೋದವರು ಮೊದಲ ಮಾತಾಗಿಯೇ "ಹೊಸದಾಗಿ ತುಂಬಿದ ರಸಮೇವಿನ ಗುಂಡಿಯಲ್ಲಿ ಉಸಿರಾಡಿದ್ದಾರೆ, ಅಲ್ಲಿ ನೈಟ್ರೋಜನ್ ಡೈಆಕ್ಸೈಡ್ ಇದ್ದಿರಬಹುದು" ಎಂದು ತಿಳಿಸಬೇಕು. ಕೆಮ್ಮು ಸ್ವಲ್ಪವೇ ಇದ್ದರೂ 108ಕ್ಕೆ ಕರೆ ಮಾಡಿ ಆ ದಿನವೇ ಹೋಗಬೇಕು, ಒಂದು ರಾತ್ರಿಯಾದರೂ ನಿಗಾದಲ್ಲಿ ಇರಬೇಕು.

ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಚಿಕ್ಕಪ್ಪ ಪೂರ್ತಿ ಹುಷಾರಾಗಿ ಹೊಲಕ್ಕೆ ಹೋಗತೊಡಗಿದ ಮೇಲೆ, ತಿಂಗಳು ತುಂಬುವುದರೊಳಗೆ, ಜ್ವರ ಮತ್ತು ಉಬ್ಬಸ ಮರಳಿ ಬಂದು ಮತ್ತೆ ದಾಖಲಾದರು. ಎರಡರಿಂದ ಆರು ವಾರಗಳ ನಡುವೆ ಹೀಗೆ ಮರುಕಳಿಸುವುದು ಈ ಕಾಯಿಲೆಯ ಸ್ವಭಾವವೇ ಆಗಿದ್ದು, ಆಗ ಶ್ವಾಸಕೋಶದ ಸಣ್ಣ ನಾಳಗಳು ಗಾಯಗಟ್ಟಿ ಮುಚ್ಚಿಕೊಳ್ಳುತ್ತವೆ. ಹುಲ್ಲಿನ ಹೊರೆ ಹೊತ್ತು ದಿಬ್ಬ ಹತ್ತುವುದು ಅವರಿಗೆ ಇಂದಿಗೂ ಆಗುವುದಿಲ್ಲ.

ನಮ್ಮ ಕಡೆ ಹಳೆಯ ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವ ರೂಢಿಯಿದೆ, ಹಾಗೆಯೇ ಮಾಡಬಹುದಲ್ಲ ಎಂದು ಹಲವರು ಕೇಳಿದ್ದಾರೆ. ಆಮ್ಲಜನಕ ಬಹಳ ಕಡಿಮೆಯಾಗಿದ್ದರೆ ದೀಪ ಆರಬಹುದು, ಅಷ್ಟೇ. ನೈಟ್ರೋಜನ್ ಡೈಆಕ್ಸೈಡ್ ಪ್ರಾಣ ತೆಗೆಯುವುದಕ್ಕೆ ಗಾಳಿಯಲ್ಲಿ ತೀರಾ ಅಲ್ಪ ಪ್ರಮಾಣ ಸಾಕು, ಅಷ್ಟಕ್ಕೆ ದೀಪ ಕದಲುವುದೂ ಇಲ್ಲ. ಮುಖಕ್ಕೆ ಒದ್ದೆ ಟವೆಲ್ಲು ಕಟ್ಟಿಕೊಳ್ಳುವುದು, ಕೊರೊನಾ ಕಾಲದ ಮಾಸ್ಕು ಹಾಕಿಕೊಳ್ಳುವುದು ಕೂಡ ಇದರ ಮುಂದೆ ಪ್ರಯೋಜನಕ್ಕೆ ಬಾರದ ಕೆಲಸ. ಕಂದು ಬಣ್ಣ ಕಾಣುತ್ತಿಲ್ಲ ಎಂದು ಧೈರ್ಯ ಮಾಡುವುದೂ ಸಲ್ಲ, ಮಾಡಿನ ಕೆಳಗಿನ ಅರೆಬೆಳಕಿನಲ್ಲಿ ಅದು ಅಪಾಯದ ಮಟ್ಟ ಮುಟ್ಟಿದ್ದರೂ ಕಣ್ಣಿಗೆ ಬೀಳದಿರಬಹುದು.

ಅನಿಲ ಹೆಚ್ಚಾಗಿ ಹುಟ್ಟುವುದು ತುಂಬಿದ ಮೊದಲ ಎರಡು ಮೂರು ದಿನಗಳಲ್ಲಿ, ಆದರೆ ಮೂರು ವಾರಗಳವರೆಗೆ ಯಾರೂ ಒಳಗೆ ಇಳಿಯದಿರುವುದೇ ಕ್ಷೇಮ. ಹಾಗಾಗಿ ಎಲ್ಲಕ್ಕಿಂತ ದೊಡ್ಡ ರಕ್ಷಣೆಯೆಂದರೆ ಬೆಳಿಗ್ಗೆ ಶುರುಮಾಡಿ ಸಂಜೆಯೊಳಗೆ ತುಂಬಿ ಮುಚ್ಚಿಬಿಡುವುದು. ಕರೆಂಟನ್ನು ನಂಬದೆ ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರವನ್ನೇ ಗೊತ್ತು ಮಾಡಿಕೊಳ್ಳಬೇಕು, ಒಂದು ದಿನಕ್ಕೆ ಆಗುವಷ್ಟನ್ನು ಮಾತ್ರ ಕೊಯ್ಯಬೇಕು. ಅಕಸ್ಮಾತ್ ಅರ್ಧಕ್ಕೆ ನಿಂತರೆ, ಮರುದಿನ ಒಳಗೆ ಇಳಿಯದೆ ಮೇಲಿನಿಂದಲೇ ಮೇವು ಸುರಿದು ಉದ್ದನೆಯ ಗಳುವಿನಿಂದ ಒತ್ತಿ ಮುಚ್ಚಬೇಕು. ಅದರಿಂದ ಮೇಲಿನ ಒಂದಡಿ ಮೇವಿಗೆ ಬೂಸ್ಟು ಹಿಡಿಯಬಹುದು, ಹಿಡಿಯಲಿ, ತೆಗೆದು ಗೊಬ್ಬರಕ್ಕೆ ಎಸೆದರಾಯಿತು. ಬರ ಬಿದ್ದು ಮಳೆಯಾದ ವರ್ಷ ಜೋಳವನ್ನು ಕೂಡಲೇ ಕೊಯ್ಯದೆ ಒಂದೆರಡು ವಾರ ಬಿಟ್ಟು, ಬುಡದಿಂದ ಒಂದು ಅಡಿ ಮೇಲಕ್ಕೆ ಕೊಯ್ದರೆ ನೈಟ್ರೇಟಿನ ಅಂಶ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಇದು ಹಸುಗಳಿಗೂ ಒಳ್ಳೆಯದು. ಅನಿಲ ತಗ್ಗಿನ ಕಡೆ ಹರಿಯುವುದರಿಂದ ಗುಂಡಿಯ ಪಕ್ಕದಲ್ಲಿ ಕರು ಕಟ್ಟುವುದನ್ನೂ ನಿಲ್ಲಿಸಬೇಕು.

ನಾವು ಆ ಗುಂಡಿಯನ್ನು ಮುಚ್ಚಿಸಿ, ಬಯಲಿನಲ್ಲಿ ನೆಲದ ಮೇಲೆಯೇ ಎರಡು ಬದಿಗೆ ಎದೆಮಟ್ಟದ ಗೋಡೆಯಿರುವ, ಎರಡೂ ತುದಿ ತೆರೆದ ತೊಟ್ಟಿ ಕಟ್ಟಿಸಿದ್ದೇವೆ. ಟ್ರ್ಯಾಕ್ಟರೇ ಹತ್ತಿ ತುಳಿಯುತ್ತದೆ. ಅಲ್ಲಿಯೂ ಹಾಳೆಯ ಕೆಳಗೆ ಅನಿಲ ಉಬ್ಬಿಕೊಂಡು ಅಂಚಿನಿಂದ ಕಂದಾಗಿ ಹೊರಬರುವುದುಂಟು. ಆಗ ಗಾಳಿ ಬೀಸುವ ದಿಕ್ಕಿಗೆ ನಿಲ್ಲದೆ ದೂರವಿದ್ದರೆ ಬಯಲಿನಲ್ಲಿ ಚದುರಿಹೋಗುತ್ತದೆ.

ಈಗಾಗಲೇ ಆಳವಾದ ಗುಂಡಿ ಕಟ್ಟಿಸಿರುವವರು ತುಂಬುವ ಮೊದಲೇ ಇಳಿಮಾಡಿನ ಒಂದು ಬದಿಯ ಗೋಡೆಯನ್ನಾದರೂ ಕೆಡವಿಸಬೇಕು. 45 ದಿನ ಕಳೆದು ಗುಂಡಿ ತೆರೆದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಮೇವು ತೆಗೆಯುತ್ತ ಹೋದಂತೆ ಗುಂಡಿ ಆಳವಾಗುತ್ತದೆ, ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೊಂಟದ ಮಟ್ಟ ದಾಟಿದ ಮೇಲೆ ಬುಟ್ಟಿಗೆ ಹಗ್ಗ ಕಟ್ಟಿ, ಉದ್ದ ಹಿಡಿಯ ಕೊಕ್ಕೆಯಿಂದ ಮೇಲಿನಿಂದಲೇ ಎಳೆದುಕೊಳ್ಳಿ. ಇಳಿಯಲೇಬೇಕಾದ ಸಂದರ್ಭ ಬಂದರೆ ಮೊದಲು ಬ್ಲೋವರಿನಿಂದ ಅರ್ಧ ಗಂಟೆ ತಳಕ್ಕೆ ಗಾಳಿ ಬಿಟ್ಟು, ಅದನ್ನು ನಿಲ್ಲಿಸದೆ, ಇಳಿಯುವವರ ಎದೆಗೆ ಹಗ್ಗ ಬಿಗಿದು, ಎಳೆಯಲು ಶಕ್ತಿಯಿರುವ ಇಬ್ಬರನ್ನು ಮೇಲೆ ನಿಲ್ಲಿಸಿಯೇ ಇಳಿಸಿ. ಒಳಗಿದ್ದವರು ಕುಸಿದರೆ ಮೇಲಿನ ಇಬ್ಬರು ಹಗ್ಗ ಎಳೆಯಬೇಕೇ ಹೊರತು ಯಾವ ಕಾರಣಕ್ಕೂ ತಾವು ಇಳಿಯಬಾರದು.