ಕಂಕುಳ ಕುರುವಿಗೆ ‘ಗ್ಲ್ಯಾಂಡ್ ಡೀಟಾಕ್ಸ್’ ಅಂತ ಪ್ಯಾಕೇಜ್ ಮಾರುತ್ತಾರೆ, ದುಡ್ಡು ಕೊಡಬೇಡಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಇರುವ ನಮ್ಮ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮುಖ್ಯವಾಗಿ ಹೆಣ್ಣುಮಕ್ಕಳು. ಸ್ಟೇಷನ್ ಹತ್ತಿರ ದೊಡ್ಡ ಬೋರ್ಡು ಹಾಕಿಕೊಂಡು ಸ್ಕಿನ್, ಲೇಸರ್ ಅಂತ ನಡೆಸುತ್ತಾರಲ್ಲ, ಅಂಥ ಒಂದು ಕಡೆ ನನ್ನ ಹೆಸರಲ್ಲಿ 42,000 ರೂಪಾಯಿ ಸಾಲ ಮಾಡಿಸಿ ಕೈತೊಳೆದುಕೊಂಡರು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಅವರು ಹೇಳಿದ ಸುಳ್ಳಿಗೆ.

ನನಗೆ ಕಂಕುಳಲ್ಲಿ ಕುರು ಏಳುತ್ತದೆ. ಒಂದು ಒಣಗುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು. ಮತ್ತೆ ಅದೇ ಜಾಗ, ಮತ್ತೆ ಅದೇ ಜಾಗ. ಒಡೆದರೆ ಕುರ್ತಾಕ್ಕೆ ಕಲೆ, ವಾಸನೆ. ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿಯಲು ಕೈ ಎತ್ತಲಾಗದೆ ದಾದರ್‌ವರೆಗೂ ಬಾಗಿಲ ಪಕ್ಕದ ಕಂಬಕ್ಕೆ ಒರಗಿಕೊಂಡೇ ಹೋಗುವುದು. ಯಾರ ಹತ್ತಿರ ಹೇಳುವುದು? ಹೇಳಿದರೆ ಉಷ್ಣ, ಎಳನೀರು ಕುಡಿ ಅಂತಾರೆ. ಇಲ್ಲವೇ ಸರಿಯಾಗಿ ಸ್ನಾನ ಮಾಡ್ತೀಯಾ ಅಂತ ಕೇಳ್ತಾರೆ. ಈ ನಾಚಿಕೆಯೇ ಇವರ ಬಂಡವಾಳ.

ಒಳಗೆ ಡಾಕ್ಟರ್ ಇರಲಿಲ್ಲ, ‘ಕೌನ್ಸೆಲರ್’ ಇದ್ದಳು. ಹಿಂದಿಯಲ್ಲಿ ಶುರು ಮಾಡಿದವಳು ಫಾರ್ಮಿನಲ್ಲಿ ನನ್ನ ಹೆಸರು ನೋಡಿದ್ದೇ, “ಅಯ್ಯೋ ಅಕ್ಕ, ನೀವು ಕನ್ನಡದವರಾ? ನಮ್ಮದು ಕುಂದಾಪುರ ಕಡೆ” ಅಂದಳು. ಈ ಊರಲ್ಲಿ ಯಾರಾದರೂ ಹಾಗೆ ಬಾಯಿತುಂಬ ಅಕ್ಕ ಅಂದರೆ ಹೇಗಾಗುತ್ತದೆ ಅಂತ ನಿಮಗೇ ಗೊತ್ತು. ಆಮೇಲೆ ಚಿತ್ರ ತೋರಿಸಿದಳು. “ಇದು ಅಪೊಕ್ರೈನ್ ಗ್ಲ್ಯಾಂಡ್ ಅಕ್ಕ. ದೇಹದ ವಿಷವೆಲ್ಲ ಇಲ್ಲಿಂದ ಹೊರಗೆ ಹೋಗಬೇಕು. ನಿಮ್ಮದು ಬಾಯಿ ಕಟ್ಟಿಕೊಂಡು ಒಳಗೇ ಕೊಳೆಯುತ್ತಿದೆ. ಕ್ಲೀನ್ ಮಾಡಿ ಮೆಷಿನ್‌ನಲ್ಲಿ ಸುಟ್ಟುಬಿಟ್ಟರೆ ಜನ್ಮದಲ್ಲಿ ಕುರು ಏಳಲ್ಲ, ವಾಸನೆಯೂ ಬರಲ್ಲ.”

ದುಡ್ಡಿಲ್ಲ, ಯೋಚನೆ ಮಾಡ್ತೇನೆ ಅಂದೆ. “ಸುಮ್ನೆ ಹೆಸರು ಬರೆಸಿಡಿ” ಅಂತ ನನ್ನ ಫೋನ್ ತಗೊಂಡು ಏನೋ ಒತ್ತಿದಳು. “ರಿಜಿಸ್ಟ್ರೇಷನ್‌ಗೆ ಒಂದು ಒಟಿಪಿ ಬರುತ್ತೆ, ಹೇಳಿ ಅಕ್ಕ.” ಹೇಳಿದೆ. ವಾಪಸ್ ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಮೆಸೇಜು ಬಂತು, ನಿಮ್ಮ ಸಾಲ ಮಂಜೂರಾಗಿದೆ ಅಂತ. ರಿಜಿಸ್ಟ್ರೇಷನ್ನೂ ಇಲ್ಲ ಏನೂ ಇಲ್ಲ, ಸಾಲ! ಎದುರಿಗೆ ಗಾಡಿ ಬಂದು ಹೋಯಿತು, ನಾನು ಹತ್ತಲಿಲ್ಲ, ಆ ಮೆಸೇಜನ್ನೇ ಮತ್ತೆ ಮತ್ತೆ ಓದುತ್ತಾ ನಿಂತೆ. ಅಕ್ಕ ಅಕ್ಕ ಅಂತ ಕರೆದು ಮಾಡಿದ್ದು ಇದು.

ಆ ಸಾಲಕ್ಕೆ ಕೊಟ್ಟ ಟ್ರೀಟ್‌ಮೆಂಟ್ ಕೇಳಿ. ಕೋಟು ಹಾಕಿದ ಒಬ್ಬ ಹುಡುಗಿ ಹಸಿ ಕುರುವನ್ನು ಎರಡು ಬೆರಳಲ್ಲಿ ಹಿಸುಕಿದಳು, ಮೇಲೆ ಪೀಲ್ ಅಂತ ಏನೋ ಹಚ್ಚಿದಳು. ಉರಿಗೆ ಕಣ್ಣಲ್ಲಿ ನೀರು ಬಂತು. “ವಿಷ ಹೊರಗೆ ಬರ್ತಾ ಇದೆ ಅಕ್ಕ, ಒಳ್ಳೆಯದೇ.” ರಾತ್ರಿಗೆ ಚರ್ಮ ಸುಲಿದುಬಂತು, ಕೈ ಮೈಗೆ ತಾಗಿಸಲು ಆಗಲಿಲ್ಲ. ಫೋಟೋ ಕಳಿಸಿದೆ. “ಇದು ನಾರ್ಮಲ್.” ದುಡ್ಡು ವಾಪಸ್ ಕೊಡಿ ಅಂದೆ. “ನಾನ್ ರಿಫಂಡೇಬಲ್ ಅಂತ ಬರೆದಿದೆಯಲ್ಲ, ಬೇಕಾದರೆ ಅಷ್ಟಕ್ಕೆ ಫೇಶಿಯಲ್ ಮಾಡಿಸಿಕೊಳ್ಳಿ.” ಡಾಕ್ಟರ್ ಹೆಸರು ಕೇಳಿದೆ. “ಮ್ಯಾನೇಜರ್ ಹತ್ತಿರ ಮಾತಾಡಿ ತಿಳಿಸ್ತೇವೆ.” ಆಮೇಲೆ ಬರೀ ನೀಲಿ ಟಿಕ್.

ಕೊನೆಗೆ ಪಾಲಿಕೆ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದೆ. ಉದ್ದ ಲೈನು, ಆದರೆ ಒಳಗೆ ನಿಜವಾದ ಡಾಕ್ಟರ್. ಕೈ ಎತ್ತಿಸಿ ನೋಡಿದರು, ತೊಡೆಸಂದಿನಲ್ಲೂ ಬರುತ್ತಾ, ಮನೆಯಲ್ಲಿ ಯಾರಿಗಾದರೂ ಇತ್ತಾ, ಸಿಗರೇಟ್ ಅಭ್ಯಾಸ ಇದೆಯಾ ಅಂತ ಕೇಳಿದರು. ಹೆಸರು ಹೇಳಿದರು: ಹೈಡ್ರಾಡಿನೈಟಿಸ್ ಸಪ್ಪುರೇಟಿವಾ. ಕೇಸ್ ಪೇಪರಿನ ಹಿಂದೆ ಪೆನ್ನಲ್ಲಿ ಒಂದು ಕೂದಲು, ಅದರ ಬುಡದ ಪಕ್ಕ ಸುರುಳಿ ಸುತ್ತಿದ ಕೊಳವೆ ಬರೆದು ತೋರಿಸಿದರು.

ಮೈ ತಂಪು ಮಾಡುವ ಎಕ್ರೈನ್ ಬೆವರು ಗ್ರಂಥಿಗಳು ಹೆಚ್ಚುಕಡಿಮೆ ಮೈಪೂರ್ತಿ ಇವೆ, ಬೆವರನ್ನು ನೇರ ಚರ್ಮದ ಮೇಲೆ ಬಿಡುತ್ತವೆ. ಅಪೊಕ್ರೈನ್ ಅನ್ನುವ ಇನ್ನೊಂದು ಬಗೆಯ ಬೆವರು ಗ್ರಂಥಿ ಇರುವುದು ಮುಖ್ಯವಾಗಿ ಕಂಕುಳು, ತೊಡೆಸಂದು, ಮೊಲೆತೊಟ್ಟಿನ ಸುತ್ತ, ಗುದದ್ವಾರದ ಸುತ್ತ. ಇವುಗಳ ಸುರುಳಿ ಚರ್ಮದ ಆಳದಲ್ಲಿರುತ್ತದೆ, ಬಾಯಿ ತೆರೆಯುವುದು ಕೂದಲಿನ ಗುಳಿಯೊಳಗೆ. ಮೈನೆರೆಯುವ ವಯಸ್ಸಿನವರೆಗೆ ಸುಮ್ಮನಿದ್ದು ಆಮೇಲೆ ಕೆಲಸ ಶುರು ಮಾಡುತ್ತವೆ. ಭಯ, ಗಾಬರಿ ಆದಾಗ ಸ್ವಲ್ಪ ಜಿಡ್ಡು ದ್ರವ ಬಿಡುತ್ತವೆ. ಆ ದ್ರವಕ್ಕೆ ವಾಸನೆಯೇ ಇಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ. ವಿಷ ತೆಗೆಯುವ ಕೆಲಸ ಲಿವರ್, ಕಿಡ್ನಿಯದು. ಕಂಕುಳಲ್ಲಿ ವಿಷದ ಚರಂಡಿ ಯಾವುದೂ ಇಲ್ಲ!

ನನ್ನ ಕಾಯಿಲೆ ಶುರುವಾಗುವುದು ಗ್ರಂಥಿಯಲ್ಲೂ ಅಲ್ಲವಂತೆ. ಮೊದಲು ಕೂದಲ ಗುಳಿಯ ಬಾಯಿ ಮುಚ್ಚುತ್ತದೆ, ಗುಳಿ ಉಬ್ಬಿ ಒಳಗೇ ಒಡೆಯುತ್ತದೆ, ದೇಹದ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ಮುಗಿಬೀಳುತ್ತದೆ. ಗ್ರಂಥಿ ಆಮೇಲೆ ಸಿಕ್ಕಿಹಾಕಿಕೊಳ್ಳುವುದು. 1854ರಲ್ಲಿ ಫ್ರಾನ್ಸಿನ ವೆರ್ನೊಯ್ ಎಂಬ ಸರ್ಜನ್ ಬೆವರು ಗ್ರಂಥಿಯೇ ಕಾರಣ ಅಂದಿದ್ದರು, ಆ ಅಭಿಪ್ರಾಯ ಬದಲಾಗಿ ಎಷ್ಟೋ ಕಾಲವಾಯಿತು. ಈ ಅಂಗಡಿಯವರು ಮಾತ್ರ ಇನ್ನೂ ಅದನ್ನೇ ಮಾರುತ್ತಿದ್ದಾರೆ. ಕೊಳಕಿನಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇದನ್ನು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ.

ಹಿಸುಕಲೇಬಾರದು ಅಂದರು. ಚಿಕಿತ್ಸೆ ಮಾಡಿಸದೆ ಹಾಗೇ ಬಿಟ್ಟರೆ ಚರ್ಮದ ಕೆಳಗೆ ಸುರಂಗದ ಹಾಗೆ ದಾರಿ ಮಾಡಿಕೊಂಡು ಕುರುವಿನಿಂದ ಕುರುವಿಗೆ ಸೇರುತ್ತದೆ, ಕೈ ಎತ್ತಲಾಗದಷ್ಟು ಕಲೆ ಕಟ್ಟುತ್ತದೆ. ನನಗೀಗ ಕ್ಲಿಂಡಾಮೈಸಿನ್ ಲೋಷನ್, ಡಾಕ್ಸಿಸೈಕ್ಲಿನ್ ಮಾತ್ರೆ ನಡೆಯುತ್ತಿದೆ. ಜೋರಾದವರಿಗೆ ಅಡಾಲಿಮುಮ್ಯಾಬ್ ಇಂಜೆಕ್ಷನ್, ಆಪರೇಷನ್ನೂ ಇದೆ. ಪೂರ್ತಿ ಹೋಗುತ್ತದೆ ಅಂತ ಅವರು ಹೇಳಲಿಲ್ಲ, ಹತೋಟಿಯಲ್ಲಿ ಇಡಬಹುದು ಅಂದರು. ಕೀವಿಲ್ಲದ, ವಿಪರೀತ ತುರಿಸುವ ಸಣ್ಣ ಗುಳ್ಳೆಗಳಾದರೆ ಅದು ಫಾಕ್ಸ್-ಫೋರ್ಡೈಸ್ ಅನ್ನುವ ಬೇರೆಯೇ ಕಾಯಿಲೆ ಆಗಿರಬಹುದಂತೆ. ಅಪೊಕ್ರೈನ್ ನಾಳ ಕಟ್ಟಿಕೊಳ್ಳುವುದು ಅದರಲ್ಲಿ. ಆ ಅಂಗಡಿಯಲ್ಲಿ ಎಲ್ಲದಕ್ಕೂ ಒಂದೇ ಪ್ಯಾಕೇಜ್.

ಕಾಯಿಲೆಯ ಹೆಸರು ಹೇಳದೆ ರೇಟು ಹೇಳಿದರೆ ಎದ್ದು ಬನ್ನಿ. ಡಾಕ್ಟರ್ ಯಾರು, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಏನು ಅಂತ ಕೇಳಿ. ಫೋನ್ ಕೈಗೆ ಕೊಡಬೇಡಿ, ಒಟಿಪಿ ಹೇಳಬೇಡಿ, ನಮ್ಮ ಕಡೆಯವರೇ ಅಂದರೂ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇಎಂಐ ಇನ್ನೂ ಕಟ್ ಆಗುತ್ತಲೇ ಇದೆ. ಇಂಥ ಸಾಲ ರದ್ದು ಮಾಡಿಸಿದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಅಂತ ದಯವಿಟ್ಟು ತಿಳಿಸಿ.